ಅಪರಾಧಿ (ಪದ)

ಅಪರಾಧಿ ಎಂಬುದು ಅಪರಾಧ ಎಸಗಿದ ವ್ಯಕ್ತಿ ಎಂಬ ಅರ್ಥದ ನಾಮಪದ. ನ್ಯಾಯಾಂಗದ ಬಳಕೆಯಲ್ಲಿ ಇದು, ಆರೋಪ ಸಾಬೀತಾಗಿದೆ ಎಂದು ನ್ಯಾಯಾಲಯವು ತೀರ್ಮಾನಿಸಿದ ವ್ಯಕ್ತಿಯನ್ನು ಮಾತ್ರ ಸೂಚಿಸುತ್ತದೆ. ದೋಷಿ, ತಪ್ಪಿತಸ್ಥ ಎಂಬ ಪದಗಳೂ ಇದೇ ಅರ್ಥದಲ್ಲಿ ಬಳಕೆಯಲ್ಲಿವೆ. ನಿರಪರಾಧಿ, ನಿರ್ದೋಷಿ ಎಂಬವು ವಿರುದ್ಧಾರ್ಥಕ ಪದಗಳು.

ಪದಮೂಲ

ಅಪರಾಧ ಎಂಬುದು ‘ಅಪ’ ಉಪಸರ್ಗ ಹಾಗೂ ‘ರಾಧ್’ ಧಾತುವಿನಿಂದಾದ ಸಂಸ್ಕೃತ ಪದ. ಗುರಿ ತಪ್ಪುವುದು ಇದರ ಹಳೆಯ ಅರ್ಥಗಳಲ್ಲೊಂದು. ಬಾಣವು ಗುರಿ ತಪ್ಪಿದ ಬಿಲ್ಲುಗಾರನನ್ನು ಅಮರಕೋಶವು ‘ಅಪರಾದ್ಧಪೃಷತ್ಕ’ ಎಂದು ಕರೆಯುತ್ತದೆ. ದಾರಿ ತಪ್ಪು, ಮಾತು ತಪ್ಪು ಮೊದಲಾದ ಕನ್ನಡದ ಪ್ರಯೋಗಗಳಲ್ಲಿಯೂ ಇದೇ ಭಾವವಿದೆ. ‘ತಪ್ಪಿತಸ್ಥ’ ಎಂಬುದು ಕನ್ನಡದ ‘ತಪ್ಪು’ ಪದಕ್ಕೆ ಸಂಸ್ಕೃತದ ‘ಸ್ಥ’ ಸೇರಿದ ಮಿಶ್ರರೂಪ.

1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದ ಹುಬ್ಬಳ್ಳಿ-ಧಾರವಾಡದ ಪೊಲೀಸ್ ದಾಖಲೆಗಳಲ್ಲಿ ‘ಗುನ್ನೆ’ ಎಂಬ ಪದ ರೂಢಿಯಲ್ಲಿದೆ. ಪಾರಸಿಯ ‘ಗುನಾಹ್’ ಇದರ ಮೂಲ. ಮರಾಠಿಯಲ್ಲಿ ಇದು ‘ಗುನ್ಹಾ’. ಗುನ್ನೆ ದಾಖಲಾದ ಮಾತ್ರಕ್ಕೆ ಯಾರೂ ಅಪರಾಧಿಯಾಗುವುದಿಲ್ಲ.

ಆರೋಪಿ ಮತ್ತು ಅಪರಾಧಿ

ಆರೋಪಕ್ಕೆ ಒಳಗಾದವರು ತೀರ್ಪು ಬರುವವರೆಗೂ ಆರೋಪಿ ಅಥವಾ ಆಪಾದಿತರು. ಆರೋಪವನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತುಪಡಿಸುವ ಹೊಣೆ ಸಾಮಾನ್ಯವಾಗಿ ಪ್ರಾಸಿಕ್ಯೂಷನ್‌ನದು. ಸೆಷನ್ಸ್ ವಿಚಾರಣೆಯಲ್ಲಿ ಅಪರಾಧಿ ಎಂದು ಘೋಷಿಸಿದ ಬಳಿಕ, ಶಿಕ್ಷೆಯ ಪ್ರಮಾಣದ ಕುರಿತು ಅವರ ಅಹವಾಲನ್ನು ಪ್ರತ್ಯೇಕವಾಗಿ ಆಲಿಸಲಾಗುತ್ತದೆ. 1958ರ ಅಪರಾಧಿಗಳ ಪ್ರೊಬೇಷನ್ ಕಾಯ್ದೆಯಂತೆ ಕೆಲವು ಪ್ರಕರಣಗಳಲ್ಲಿ, ಕೂಡಲೇ ಶಿಕ್ಷೆ ವಿಧಿಸದೆ ಸನ್ನಡತೆಯ ಷರತ್ತಿನ ಮೇಲೆ ಬಿಡುಗಡೆ ಮಾಡುವ ಅವಕಾಶವೂ ಇದೆ. ಹೀಗೆ ಆರೋಪ, ಅಪರಾಧ ನಿರ್ಣಯ, ಶಿಕ್ಷೆ ಎಂಬ ಮೂರೂ ಬೇರೆ ಬೇರೆ ಹಂತಗಳು.

ಹುಬ್ಬಳ್ಳಿಯ ಪ್ರಸಂಗ

ಈ ಪದಗಳ ನಡುವಿನ ಅಂತರವು 2020ರಲ್ಲಿ ಹುಬ್ಬಳ್ಳಿಯಲ್ಲಿ ಚರ್ಚೆಗೆ ಬಂದಿತು. ಆ ವರ್ಷದ ಫೆಬ್ರುವರಿಯಲ್ಲಿ ದೇಶದ್ರೋಹದ ಆರೋಪದ ಮೇಲೆ ಬಂಧಿತರಾದ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಪರವಾಗಿ ವಕಾಲತ್ತು ವಹಿಸಬಾರದೆಂದು ಹುಬ್ಬಳ್ಳಿಯ ವಕೀಲರ ಸಂಘವು ನಿರ್ಣಯ ಕೈಗೊಂಡಿತು. ಕೆಲವು ವಕೀಲರು ಇದನ್ನು ಪ್ರಶ್ನಿಸಿ ಕರ್ನಾಟಕ ಹೈಕೋರ್ಟಿನ ಮೊರೆಹೊಕ್ಕರು. ಹೈಕೋರ್ಟ್ ಈ ನಿರ್ಣಯಕ್ಕೆ ಆಕ್ಷೇಪ ವ್ಯಕ್ತಪಡಿಸಿತು. ವಕೀಲರ ಸಂಘಗಳ ಇಂತಹ ನಿರ್ಣಯಗಳು ಅಸಿಂಧು ಎಂದು ಸುಪ್ರೀಂ ಕೋರ್ಟ್ 2010ರಲ್ಲಿಯೇ ತಮಿಳುನಾಡಿನ ಪ್ರಕರಣವೊಂದರಲ್ಲಿ ಹೇಳಿತ್ತು.

ಬಂಧಿತರು ತಮ್ಮ ಆಯ್ಕೆಯ ವಕೀಲರ ಮೂಲಕ ಪ್ರತಿವಾದ ಮಂಡಿಸುವ ಹಕ್ಕನ್ನು ಸಂವಿಧಾನದ 22(1)ನೇ ವಿಧಿ ನೀಡುತ್ತದೆ. ಆರೋಪದ ಸ್ವರೂಪ ಎಷ್ಟೇ ಗಂಭೀರವಾಗಿದ್ದರೂ ಈ ಹಕ್ಕು ಇಲ್ಲವಾಗುವುದಿಲ್ಲ. ತೀರ್ಪಿಗೆ ಮುನ್ನವೇ ಆರೋಪಿಯನ್ನು ‘ಅಪರಾಧಿ’ ಎಂದು ಕರೆಯುವುದು ಕಾನೂನಿನ ದೃಷ್ಟಿಯಿಂದ ತಪ್ಪು ಪ್ರಯೋಗ.