ಜಾಲತಾಣದ ಹೆಸರು ಯಾರ ಸ್ವತ್ತು?

ಜಾಲತಾಣದ ವಿಳಾಸವನ್ನು ಡೊಮೈನ್ ಹೆಸರು ಎನ್ನುತ್ತೇವೆ. ಮೊದಲು ಕೇಳಿದವರ ಹೆಸರಿಗೆ ಅದು ನೋಂದಣಿಯಾಗುತ್ತದೆ. ಅನ್ಯರ ಹೆಸರುವಾಸಿ ಗುರುತನ್ನು ತಾವೇ ನೋಂದಾಯಿಸಿಕೊಂಡು ಲಾಭಕ್ಕೆ ಮಾರುವುದು ಅಥವಾ ಜನರನ್ನು ದಾರಿತಪ್ಪಿಸುವುದು ಸೈಬರ್ ಸ್ಕ್ವಾಟಿಂಗ್ ಎನಿಸುತ್ತದೆ.

ಭಾರತದಲ್ಲಿ ಈ ವಿಷಯಕ್ಕೆ ದಾರಿ ತೋರಿದ ವ್ಯಾಜ್ಯ ಆರಂಭವಾದುದು ಬೆಂಗಳೂರಿನಲ್ಲಿ. ಚೆನ್ನೈನ ಸತ್ಯಂ ಇನ್ಫೋವೇ ಸಂಸ್ಥೆಯು 1999ರಲ್ಲಿ ‘ಸಿಫಿ’ ಎಂದು ಆರಂಭವಾಗುವ ಹಲವು ವಿಳಾಸಗಳನ್ನು ನೋಂದಾಯಿಸಿತ್ತು. 2001ರಲ್ಲಿ ಇನ್ನೊಂದು ಸಂಸ್ಥೆಯು ಇಂಗ್ಲಿಷಿನ ‘ಎಫ್’ ಅಕ್ಷರವನ್ನು ಇಮ್ಮಡಿಸಿ ‘ಸಿಫ್ಫಿನೆಟ್’ ವಿಳಾಸ ಪಡೆಯಿತು. ಅದು ತನ್ನ ಐವರು ಪ್ರವರ್ತಕರ ಹೆಸರುಗಳ ಮೊದಲಕ್ಷರಗಳಿಂದಾದ ಪದವೆಂದು ವಾದಿಸಿತು. ನಗರ ಸಿವಿಲ್ ನ್ಯಾಯಾಲಯ ನೀಡಿದ ತಡೆಯಾಜ್ಞೆಯನ್ನು ಕರ್ನಾಟಕ ಹೈಕೋರ್ಟ್ ತೆರವುಗೊಳಿಸಿತು. 2004ರ ಮೇ 6ರಂದು ಸುಪ್ರೀಂ ಕೋರ್ಟ್ ಆ ವಾದವನ್ನು ಒಪ್ಪದೆ ತಡೆಯಾಜ್ಞೆಯನ್ನು ಎತ್ತಿಹಿಡಿಯಿತು. ಡೊಮೈನ್ ಹೆಸರು ಬರಿಯ ವಿಳಾಸವಲ್ಲ, ವ್ಯಾಪಾರದ ಗುರುತೂ ಹೌದು. ಟ್ರೇಡ್‌ಮಾರ್ಕ್ ಕಾನೂನಿನ ರಕ್ಷಣೆ ಅದಕ್ಕೂ ಸಲ್ಲುತ್ತದೆ ಎಂದಿತು.

‘.ಇನ್’ ಹಾಗೂ ‘.ಭಾರತ’ ವಿಳಾಸಗಳ ಬಗೆಗಿನ ದೂರನ್ನು ಇಂದು ನಿಕ್ಸಿ ಸಂಸ್ಥೆಗೆ ಸಲ್ಲಿಸಬಹುದು. ಮಧ್ಯಸ್ಥಗಾರರು ತೀರ್ಪು ನೀಡುತ್ತಾರೆ. ಹೆಸರುಗಳ ಹೋಲಿಕೆ, ಎದುರಾಳಿಗೆ ಹಕ್ಕಿಲ್ಲದಿರುವಿಕೆ, ದುರುದ್ದೇಶ ಈ ಮೂರನ್ನೂ ದೂರುದಾರರು ತೋರಿಸಬೇಕು.

ನೀಲಗಿರಿಯ ನಮಗೆ ಇದು ದೂರದ ಮಾತಲ್ಲ. ಉದಕಮಂಡಲ, ಉದಗಮಂಡಲಂ, ಊಟಿ ಎಂದು ಒಂದೇ ಊರಿಗೆ ಹಲವು ಹೆಸರು; ಗೂಡಲೂರನ್ನು ಇಂಗ್ಲಿಷಿನಲ್ಲಿ ಒಂದು ‘ಯು’ ಇಟ್ಟೂ ಎರಡು ‘ಓ’ ಇಟ್ಟೂ ಬರೆಯಬಹುದು. ಇಂಥಲ್ಲಿ ಹೋಲುವ ವಿಳಾಸ ಹುಟ್ಟಿಸುವುದು ಸುಲಭ. ಮಕ್ಕಳ ವಿದ್ಯಾರ್ಥಿವೇತನಕ್ಕೆ ಆಧಾರ್, ಬ್ಯಾಂಕ್ ವಿವರ ತುಂಬುವ ಮುನ್ನ ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದೋಣ. ಶಾಲೆಯ ಹೆಸರಿನಲ್ಲಿ ವಿಳಾಸ ಪಡೆದಿದ್ದರೆ ಅವಧಿ ಮುಗಿಯುವ ಮೊದಲೇ ನವೀಕರಿಸೋಣ.