ಗೋಡೆಯ ಸುಣ್ಣ, ಡಬ್ಬಿಯ ಬಣ್ಣ

ಮನೆಗೆ ಎಷ್ಟೇ ದುಬಾರಿ ಎಮಲ್ಷನ್ ಬಳಿಸಿದರೂ ಕನ್ನಡಿಗರ ಬಾಯಲ್ಲಿ ಅದು ಇಂದಿಗೂ ‘ಸುಣ್ಣಬಣ್ಣ’. ಮದುವೆ ಗೊತ್ತಾದ ಮನೆಯಲ್ಲಿ, ದೀಪಾವಳಿ ಹತ್ತಿರವಾದ ಬೀದಿಯಲ್ಲಿ ಕೇಳಿಬರುವ ಮೊದಲ ಪ್ರಶ್ನೆ ‘ಸುಣ್ಣಬಣ್ಣ ಆಯಿತೇ?’ ಎಂಬುದೇ. ಡಬ್ಬಿಯೊಳಗೆ ಇರುವುದು ಸುಣ್ಣವಲ್ಲ, ರಾಸಾಯನಿಕ ಅಂಟಿನಲ್ಲಿ ಕಲಸಿದ ಬಣ್ಣ. ಆದರೂ ಮಾತಿನಲ್ಲಿ ಸುಣ್ಣವೇ ಮುಂದೆ, ಬಣ್ಣ ಹಿಂದೆ. ನಮ್ಮ ಗೋಡೆಗಳ ಚರಿತ್ರೆಯೂ ಇದೇ ಕ್ರಮದಲ್ಲಿ ಸಾಗಿದೆ.

ಸುಣ್ಣಕ್ಕಿಂತ ಹಿಂದಿನದು ಮಣ್ಣು. ಹಳ್ಳಿಯ ಮಣ್ಣಿನ ಗೋಡೆಗೆ ಸಗಣಿ ಸಾರಿಸಿ, ಮೇಲೆ ಕೆಮ್ಮಣ್ಣೋ ಶೇಡಿಯೋ ಬಳಿಯುವುದು ಹೆಂಗಸರ ಕೆಲಸವಾಗಿತ್ತು. ಸಾರಣೆ ಕಾರಣೆ ಎಂಬ ಜೋಡಿ ಪದ ಹುಟ್ಟಿದ್ದು ಈ ಕೆಲಸದಿಂದಲೇ. ಸಾರಣೆ ಎಂದರೆ ಬಳಿದು ನುಣುಪು ಮಾಡುವುದು, ಕಾರಣೆ ಎಂದರೆ ಗೋಡೆಯ ಬುಡಕ್ಕೋ ಅಂಚಿಗೋ ಎಳೆಯುವ ಬಣ್ಣದ ಪಟ್ಟೆ. ಇದಕ್ಕೆ ಕಾಸು ಖರ್ಚಿರಲಿಲ್ಲ, ಮೈಮುರಿಯುವ ದುಡಿಮೆ ಮಾತ್ರ ಧಾರಾಳವಾಗಿತ್ತು.

ಈ ಪರಂಪರೆಯ ಅತ್ಯಂತ ಚೆಲುವಾದ ಉಳಿಕೆಯನ್ನು ನೋಡಬೇಕಾದರೆ ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬದ ಕಡೆ ಹೋಗಬೇಕು. ಅಲ್ಲಿನ ದೀವರ ಮನೆಗಳಲ್ಲಿ ಮದುವೆಯ ಸಂದರ್ಭದಲ್ಲಿ ಒಳಗೋಡೆಯ ಮೇಲೆ ‘ಹಸೆ ಚಿತ್ತಾರ’ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆಯೇ ಹಲಗೆ. ಬಿಳಿಗೆ ಅಕ್ಕಿ ಹಿಟ್ಟು, ಕಪ್ಪಿಗೆ ಕಪ್ಪಾಗುವಂತೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಪುಂಡಿ ನಾರಿನ ಕುಂಚದಲ್ಲಿ ಅಳತೆಪಟ್ಟಿಯ ನೆರವಿಲ್ಲದೆ ಎಳೆಯುವ ಆ ಗೆರೆಗಳು ಅಷ್ಟು ನೇರವಾಗಿರುವುದು ಹೇಗೆ ಎಂದು ನೋಡಿದವರು ಬೆರಗಾಗುತ್ತಾರೆ. ಬಣ್ಣವೆಂಬುದು ಅಂಗಡಿಯಿಂದಲ್ಲ, ಅಡುಗೆಮನೆಯಿಂದಲೂ ಹಿತ್ತಿಲಿನಿಂದಲೂ ಬರುತ್ತಿದ್ದ ಕಾಲದ ಗುರುತು ಅದು. ಇಂದು ಈ ಚಿತ್ತಾರ ಗೋಡೆಯಿಂದಿಳಿದು ಕಾಗದ, ಬಟ್ಟೆಗಳ ಮೇಲೂ ಮೂಡುತ್ತಿದೆ. ಸಿಮೆಂಟ್ ಗೋಡೆಗೆ ಎಮಲ್ಷನ್ ಬಂದ ಮೇಲೆ ಅದಕ್ಕೆ ಬೇರೆ ಜಾಗ ಬೇಕಾಯಿತು.

ಇನ್ನು ಸುಣ್ಣ. ಬಯಲುಸೀಮೆಯಲ್ಲಿ ಸುಣ್ಣದ ಕಲ್ಲನ್ನು, ಕರಾವಳಿಯಲ್ಲಿ ಚಿಪ್ಪನ್ನು ಗೂಡಿನಲ್ಲಿ ಸುಡುತ್ತಿದ್ದರು. ಉತ್ತರ ಕರ್ನಾಟಕದ ಸುಣಗಾರರು ಈ ಕಸುಬಿನಿಂದಲೇ ಆ ಹೆಸರು ಪಡೆದವರು. ಕಲ್ಲು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾದಾಗ ಅದರೊಳಗಿನ ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತದೆ. ಉಳಿದ ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಕೊತಕೊತ ಕುದಿದು ಅರಳುತ್ತದೆ. ಹೀಗೆ ಅರಳಿದ್ದನ್ನು ತೆಳ್ಳಗೆ ಗೋಡೆಗೆ ಬಳಿದಾಗ ಅದು ಗಾಳಿಯಿಂದ ಅದೇ ಅನಿಲವನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಅಂದರೆ ಸುಣ್ಣ ಬಳಿಯುವುದೆಂದರೆ ಗೋಡೆಗೆ ಕಾಗದದಷ್ಟು ತೆಳ್ಳನೆಯ ಕಲ್ಲಿನ ಹೊದಿಕೆ ಹೊದಿಸಿದಂತೆ! ಈ ಹೊದಿಕೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಗೋಡೆಯೊಳಗಿನ ತೇವ ಅವುಗಳ ಮೂಲಕ ಹೊರಗೆ ಹೋಗುತ್ತದೆ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಬರೀ ಸುಣ್ಣ ಬಳಿದರೆ ಮೈಗೆ, ಬಟ್ಟೆಗೆ ಅಂಟುತ್ತದೆ. ಅದಕ್ಕಾಗಿ ಗೋಂದೋ ಉಪ್ಪೋ ಸೇರಿಸುವ ವಾಡಿಕೆ ಇತ್ತು. ಹಳದಿ ಛಾಯೆ ಮರೆಸಲು ಬಟ್ಟೆಗೆ ಹಾಕುವ ನೀಲಿಯನ್ನು ಒಂದು ಚಿಟಿಕೆ ಬೆರೆಸುತ್ತಿದ್ದರು. ನೀಲಿ ಹೆಚ್ಚಾದ ಮನೆಗಳು ಇಡೀ ವರ್ಷ ಆಕಾಶದ ಬಣ್ಣದಲ್ಲೇ ಇರಬೇಕಾಗುತ್ತಿತ್ತು.

ಮನೆಮಂದಿಯ ಹಬ್ಬದ ಕೆಲಸವಾಗಿದ್ದ ಇದು ಸರ್ಕಾರದ ಕೆಲಸವೂ ಆದದ್ದು ಪ್ಲೇಗಿನ ಕಾಲದಲ್ಲಿ. 1896ರಲ್ಲಿ ಮುಂಬಯಿಗೆ ಬಂದ ಮಾರಿ 1898ರಲ್ಲಿ ಬೆಂಗಳೂರನ್ನೂ ಹೊಕ್ಕಿತು. ರೋಗಿಗಳಿದ್ದ ಮನೆಗಳನ್ನು ಖಾಲಿ ಮಾಡಿಸಿ, ಬಿಸಿಲು ಬೀಳಲೆಂದು ಹೆಂಚು ತೆಗೆಸಿ, ಒಳಗೋಡೆಗಳಿಗೆ ಸುಣ್ಣ ಬಳಿಸುವುದು ಅಂದಿನ ಪ್ಲೇಗ್ ಅಧಿಕಾರಿಗಳ ರೂಢಿ. ದೇವರ ಕೋಣೆ, ಅಡುಗೆಮನೆ ಎನ್ನದೆ ಅಪರಿಚಿತರು ಒಳನುಗ್ಗಿದ್ದು ಜನರಿಗೆ ರೋಗದಷ್ಟೇ ಭಯ ಹುಟ್ಟಿಸಿತು. ವಿಪರ್ಯಾಸವೆಂದರೆ, ಅದೇ 1898ರಲ್ಲಿ ಕರಾಚಿಯಲ್ಲಿದ್ದ ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮಾಂಡ್, ಪ್ಲೇಗ್ ಹರಡುವುದು ಇಲಿಯ ಮೈಮೇಲಿನ ಚಿಗಟದಿಂದ ಎಂದು ಕಂಡುಕೊಂಡರು. ವಿದ್ವಾಂಸರು ಅದನ್ನು ಒಪ್ಪಿಕೊಳ್ಳಲು ಇನ್ನೂ ಹಲವು ವರ್ಷ ಹಿಡಿಯಿತು. ಸುಣ್ಣದ ಖಾರ ಕ್ರಿಮಿಗಳನ್ನು ಕೊಲ್ಲುವುದು ನಿಜ. ಆದರೆ ಇಲಿಯನ್ನು ಬಿಟ್ಟು ಗೋಡೆಯನ್ನು ಶಿಕ್ಷಿಸಿದಂತಾಗಿತ್ತು ಆ ಕ್ರಮ.

ಕಾರ್ಖಾನೆಯ ಬಣ್ಣ ಮೊದಲು ಬಂದದ್ದು ಬಾಗಿಲು, ಕಿಟಕಿ, ಸೇತುವೆ, ಹಡಗುಗಳಿಗೆ. ಬಹುಪಾಲು ವಿದೇಶದ ಸರಕು. ಕಾಡಿನ ಅರಗನ್ನು ಬಳಸಿಕೊಂಡು ಬಣ್ಣ ಮತ್ತು ವಾರ್ನಿಷ್ ತಯಾರಿಸುವ ಕಾರ್ಖಾನೆ ಮೈಸೂರಿನಲ್ಲಿ ಪ್ರಾರಂಭವಾದದ್ದು 1937ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ. 1962ರ ಮಹಾಚುನಾವಣೆಯಿಂದೀಚೆಗೆ ಮತದಾರರ ಬೆರಳಿಗೆ ಶಾಯಿ ಪೂರೈಸಿ ಹೆಸರಾಗಿರುವುದು ಇದೇ ಸಂಸ್ಥೆ. ಬಣ್ಣಕ್ಕಿಂತ ಶಾಯಿಯೇ ಅದಕ್ಕೆ ಕೀರ್ತಿ ತಂದಿತು. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಮುಂಬಯಿಯ ನಾಲ್ವರು ಗೆಳೆಯರು ಏಷ್ಯನ್ ಪೇಂಟ್ಸ್ ಆರಂಭಿಸಿದರು. 1954ರಲ್ಲಿ ಆ ಕಂಪನಿಗಾಗಿ, ಕೈಯಲ್ಲಿ ಬಣ್ಣ ಸೋರುವ ಡಬ್ಬಿ ಹಿಡಿದ ತುಂಟ ಹುಡುಗ ‘ಗಟ್ಟು’ವನ್ನು ಬರೆದವರು ಮೈಸೂರಿನಲ್ಲಿ ಹುಟ್ಟಿ ಬೆಳೆದ ಆರ್.ಕೆ. ಲಕ್ಷ್ಮಣ್. ಹಳ್ಳಿಯ ಅಂಗಡಿಯ ತಗಡಿನ ಮೇಲೂ ನಗುತ್ತಿದ್ದ ಈ ಹುಡುಗ, ಬಣ್ಣವೆಂಬುದು ಮಧ್ಯಮ ವರ್ಗದ ಮನೆಗೂ ಎಟುಕುವ ವಸ್ತು ಎಂದು ದಶಕಗಳ ಕಾಲ ಸಾರಿದ.

ಸುಣ್ಣದಿಂದ ನೇರವಾಗಿ ಎಮಲ್ಷನ್‌ಗೆ ಜಿಗಿತ ಆಗಲಿಲ್ಲ. ನಡುವೆ ಡಿಸ್ಟೆಂಪರ್ ಬಂತು. ಸೀಮೆಸುಣ್ಣದಂಥ ಪುಡಿಯನ್ನು ಅಂಟಿನಲ್ಲಿ ಕಲಸಿದ ಈ ಬಣ್ಣ ತಿಳಿಹಸಿರು, ತಿಳಿಗುಲಾಬಿಗಳನ್ನು ಬಾಡಿಗೆ ಮನೆಗಳಿಗೂ ತಂದಿತು. ಸುಣ್ಣದಂತೆ ಪ್ರತಿವರ್ಷ ಬಳಿಯಬೇಕಿರಲಿಲ್ಲ. ಬಕೆಟ್ಟಿನ ಸುತ್ತ ನೆರೆಯುತ್ತಿದ್ದ ಮಕ್ಕಳು ದೂರ ಸರಿದು, ಪೇಂಟರ್ ಒಳಗೆ ಬಂದ. ಆಮೇಲಿನ ಎಮಲ್ಷನ್ ಅಂತೂ ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಹೋಗದು. ಮಕ್ಕಳು ಗೋಡೆಯ ಮೇಲೆ ಗೀಚುವ ಮನೆಗಳಲ್ಲಿ ಇದು ಸಣ್ಣ ಸೌಕರ್ಯವಲ್ಲ.

ಆದರೆ ಹೊಳೆಯುವ ಬಣ್ಣದಲ್ಲಿ ಒಂದು ವಿಷವೂ ಇತ್ತು. ಎಣ್ಣೆ ಬಣ್ಣ ಬೇಗ ಒಣಗಲು, ಹಳದಿ ಕೆಂಪುಗಳು ಢಾಳಾಗಿ ಕಾಣಲು ಸೀಸದ ಸಂಯುಕ್ತಗಳನ್ನು ಬೆರೆಸುತ್ತಿದ್ದರು. ಕಿತ್ತುಬಂದ ಚಕ್ಕೆಯನ್ನು ಬಾಯಿಗಿಟ್ಟ ಮಗುವಿನ ಮಿದುಳಿನ ಬೆಳವಣಿಗೆಗೇ ಸೀಸ ಕುತ್ತು ತರುತ್ತದೆ. ಕಟ್ಟಡದ ಒಳಭಾಗಕ್ಕೆ ಬಿಳಿ ಸೀಸದ ಬಣ್ಣ ಬಳಸಬಾರದೆಂಬ ಅಂತರರಾಷ್ಟ್ರೀಯ ಒಪ್ಪಂದವನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಅಂಗೀಕರಿಸಿದ್ದು 1921ರಲ್ಲಿ. ಅಮೆರಿಕ ಮನೆಬಣ್ಣದಲ್ಲಿ ಸೀಸವನ್ನು ನಿಷೇಧಿಸಿದ್ದು 1978ರಲ್ಲಿ. ಭಾರತದಲ್ಲಿ ನಿಯಮ ರೂಪುಗೊಂಡದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದರಂತೆ ಮನೆಬಣ್ಣದ 10 ಲಕ್ಷ ಭಾಗದಲ್ಲಿ ಸೀಸ 90 ಭಾಗ ಮೀರುವಂತಿಲ್ಲ. ಒಂದು ಶತಮಾನದಷ್ಟು ತಡವಾದ ವಿವೇಕ! ಹೊಸ ಡಬ್ಬಿಗೆ ನಿಯಮವೇನೋ ಬಂತು, ಹಳೆಯ ಕಿಟಕಿಯ ಮೇಲಿನ ಪದರಗಳು ಹಾಗೆಯೇ ಇವೆ. ಹಬ್ಬಕ್ಕೆ ಮುಂಚೆ ಅವುಗಳನ್ನು ಉಪ್ಪುಕಾಗದದಲ್ಲಿ ಒಣಗಿದಂತೆಯೇ ಉಜ್ಜಿದರೆ ಏಳುವ ಧೂಳು ಮೊದಲು ಸೇರುವುದು ಪೇಂಟರ್‌ನ ಶ್ವಾಸಕೋಶವನ್ನು, ಬಳಿಕ ಮನೆಮಕ್ಕಳ ಕೈಯನ್ನು. ನೀರು ಚಿಮುಕಿಸಿ ಉಜ್ಜುವುದು, ಮೂಗುಬಾಯಿಗೆ ಸರಿಯಾದ ಮುಖಗವಸು ಹಾಕಿಕೊಳ್ಳುವುದು, ಮಕ್ಕಳನ್ನೂ ಗರ್ಭಿಣಿಯರನ್ನೂ ಕೆಲಸ ಮುಗಿದು ಧೂಳು ಒರೆಸುವ ತನಕ ಬೇರೆಡೆ ಇರಿಸುವುದು ಇದಕ್ಕಾಗಿಯೇ.

ಇನ್ನೊಂದು ಪೆಟ್ಟು ಬೀಳುತ್ತಿರುವುದು ಹಳೆಯ ಮನೆಗಳಿಗೇ. ಮಣ್ಣು ಮತ್ತು ಗಾರೆಯ ಗೋಡೆಗಳು ನೆಲದಿಂದ ತೇವ ಹೀರುತ್ತವೆ, ಸುಣ್ಣದ ಹೊದಿಕೆಯ ಮೂಲಕ ಅದನ್ನು ಬಿಟ್ಟುಕೊಡುತ್ತವೆ. ಅಂಥ ಗೋಡೆಗೆ ಸಿಮೆಂಟ್ ಮೆತ್ತಿ ಪ್ಲಾಸ್ಟಿಕ್ ಬಣ್ಣ ಬಳಿದಾಗ ತೇವಕ್ಕೆ ಹೊರದಾರಿ ಮುಚ್ಚಿಹೋಗುತ್ತದೆ. ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಗುಳ್ಳೆ ಏಳುತ್ತದೆ, ಉಪ್ಪು ಬಿಳಿಯಾಗಿ ಒಸರುತ್ತದೆ, ಗಾರೆ ಹಪ್ಪಳದಂತೆ ಕಳಚಿ ಬೀಳುತ್ತದೆ. ಮನೆಯವರು ಬಣ್ಣದ ಕಂಪನಿಯನ್ನು ಬೈದು ಇನ್ನೂ ದುಬಾರಿಯದನ್ನು ತಂದು ಬಳಿಸುತ್ತಾರೆ. ಅದೂ ಗುಳ್ಳೆ ಏಳುತ್ತದೆ.

ಪಾರಂಪರಿಕ ಕಟ್ಟಡಗಳ ದುರಸ್ತಿ ಮಾಡುವವರು ಈಗ ಮತ್ತೆ ಸುಣ್ಣ ಅರಳಿಸುವವರನ್ನು ಹುಡುಕುತ್ತಾರೆ. ಅಂಥ ಕೆಲಸಗಾರರು ಸಿಕ್ಕಿದ ಮೇಲೂ ಕೆಲಸ ಕೂಡಲೇ ಶುರುವಾಗುವುದಿಲ್ಲ. ಎಮಲ್ಷನ್ ಮೇಲೆ ಸುಣ್ಣ ಹಿಡಿಯದು. ಹಿಂದಿನ ಹಬ್ಬಗಳಿಗೆ ಬಳಿದ ಬಣ್ಣವನ್ನೆಲ್ಲ ಮೊದಲು ಗಾರೆಯ ತನಕ ಕೆರೆದು ತೆಗೆಯಬೇಕು.