ಕಿಸೆಗೆ ಹಿಡಿದ ಹಂಪಿ, ಹಿಡಿಯದ ಬಾಗಳಿ

ವಿದೇಶಿಯರ ಕೈಯಲ್ಲಿರುವ ಇಂಗ್ಲಿಷ್ ಪ್ರವಾಸಿ ಕೈಪಿಡಿಗಳ ಕೊನೆಯ ಪುಟಗಳಲ್ಲಿ ‘ಅರಸೀಕೆರೆ’ ಎಂದು ಹುಡುಕಿದರೆ, ಸಿಕ್ಕರೆ ಸಿಗುವುದು ಹಾಸನ ಜಿಲ್ಲೆಯ ಅರಸೀಕೆರೆ. ಅಲ್ಲಿ ರೈಲು ಜಂಕ್ಷನ್ ಉಂಟು, 1220ರ ಹೊತ್ತಿನ ಹೊಯ್ಸಳ ಶಿವಾಲಯ ಉಂಟು. ಹರಪನಹಳ್ಳಿ ಸೀಮೆಯ ಅರಸೀಕೆರೆಯ ಸುಳಿವೇ ಇರುವುದಿಲ್ಲ. ಅದಕ್ಕೆ ಹತ್ತಿರದ ಉಚ್ಚಂಗಿದುರ್ಗವೂ ಕಾಣುವುದಿಲ್ಲ. ನೊಳಂಬರು ಕಾದ, ಪಾಂಡ್ಯರು ಆಳಿದ ಕೋಟೆ ಅದು. ವಿಷ್ಣುವರ್ಧನನಂಥ ವಿಷ್ಣುವರ್ಧನ ಅದನ್ನು ಗೆದ್ದಮೇಲೆ ‘ಉಚ್ಚಂಗಿಗೊಂಡ’ ಎಂದು ತನ್ನ ಬಿರುದಿಗೆ ಪೋಣಿಸಿಕೊಂಡ. ರಾಜನ ಬಿರುದಿಗೆ ಸಾಲುವಷ್ಟು ದೊಡ್ಡದಾದ ಊರು ಕೈಪಿಡಿಯ ಅರ್ಧ ಸಾಲಿಗೆ ಸಾಲದೇ ಹೋಯಿತು.

ಯಾರೂ ಬರೆದಿರಲಿಲ್ಲವೆಂದಲ್ಲ. ತುಂಬ ಬರೆದರು, ಆದರೆ ದಪ್ಪವಾಗಿ ಬರೆದರು.

ಹರಪನಹಳ್ಳಿ ಸೇರಿದ ಈಗಿನ ವಿಜಯನಗರ ಜಿಲ್ಲೆಯ ನೆಲ ಇಂಗ್ಲಿಷರ ಕಾಲದಲ್ಲಿ ಮದ್ರಾಸ್ ಪ್ರೆಸಿಡೆನ್ಸಿಯ ಬಳ್ಳಾರಿಗೆ ಸೇರಿತ್ತು. ಇಂಗ್ಲಿಷ್ ಸರ್ಕಾರಕ್ಕೆ ಪಟ್ಟಿ ಮಾಡುವುದೆಂದರೆ ಬಲು ಹಿತ. ಕೆಲ್ಸಾಲ್ ಬರೆದ ಬಳ್ಳಾರಿ ಜಿಲ್ಲೆಯ ಮ್ಯಾನ್ಯುಯಲ್ 1872ರಲ್ಲಿ ಬಂತು. ರಾಬರ್ಟ್ ಸೂಯೆಲ್ 1882ರಲ್ಲಿ ಪ್ರೆಸಿಡೆನ್ಸಿಯ ಪ್ರಾಚೀನ ಅವಶೇಷಗಳನ್ನೆಲ್ಲ ಊರೂರು ಹೆಸರು ಹಿಡಿದು ಪಟ್ಟಿ ಮಾಡಿದ. 1904ರಲ್ಲಿ ಡಬ್ಲ್ಯು. ಫ್ರಾನ್ಸಿಸ್‌ನ ಬಳ್ಳಾರಿ ಗೆಝೆಟಿಯರ್ ಹೊರಬಿತ್ತು. ಅದರ ಒಂದು ಅಧ್ಯಾಯ ತಾಲ್ಲೂಕುವಾರು ನಡೆಯುತ್ತದೆ: ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಎಂದು ಒಂದೊಂದಾಗಿ. ಕಲೆಕ್ಟರ್ ಕಚೇರಿಯ ಮೇಜಿನ ಮೇಲೆ ಬಿಚ್ಚಿಟ್ಟುಕೊಂಡು ಓದಲು ಅದು ಸೊಗಸಾದ ಪುಸ್ತಕ. ಎತ್ತಿನ ಗಾಡಿಯಲ್ಲಿ ಹೋಗುವವನ ಕಂಕುಳಿಗೆ ಅಲ್ಲ.

ಇವೆಲ್ಲಕ್ಕಿಂತ ಚೆಂದದ್ದು ಪುರಾತತ್ವ ಇಲಾಖೆಯ ಅಲೆಕ್ಸಾಂಡರ್ ರೀ 1896ರಲ್ಲಿ ಮದ್ರಾಸಿನಿಂದ ಹೊರತಂದ ‘ಚಾಲುಕ್ಯನ್ ಆರ್ಕಿಟೆಕ್ಚರ್’. ಅದರ ಬಹುಪಾಲು ಈ ಸೀಮೆಯದೇ. ಬಾಗಳಿ, ಕುರುವತ್ತಿ, ಹಿರೇಹಡಗಲಿ, ಮಾಗಳ, ನೀಲಗುಂದದ ಗುಡಿಗಳನ್ನು ಅಳೆದು, ನಕ್ಷೆ ಹಾಕಿ, ಬಾಗಿಲವಾಡದ ಒಂದೊಂದು ಪಟ್ಟಿಕೆಯನ್ನೂ ಗೆರೆಗೆರೆಯಾಗಿ ಬರೆಸಿದ್ದಾನೆ. ಕಡೆದ ಕಂಬದ ಒಂದು ಬಳೆಗೂ ಇನ್ನೊಂದು ಬಳೆಗೂ ಎಷ್ಟು ಅಂತರ ಎಂಬುದು ಅದರಲ್ಲಿ ಸಿಗುತ್ತದೆ. ಆ ಕಂಬದ ಹತ್ತಿರ ಹೋಗುವ ದಾರಿ ಯಾವುದು, ರಾತ್ರಿ ಉಳಿಯುವುದೆಲ್ಲಿ ಎಂಬುದು ಸಿಗುವುದಿಲ್ಲ. ತಪ್ಪು ರೀಯದ್ದಲ್ಲ. ಅವನು ಬರೆದದ್ದು ಪಂಡಿತರಿಗೆ.

ದಾರಿ ಹೇಳುವ ಪುಸ್ತಕ ಬೇರೆಯೇ ಜಾತಿ. ಲಂಡನ್ನಿನ ಜಾನ್ ಮರ್ರೆಯ ಕೆಂಪು ರಟ್ಟಿನ ಕೈಪಿಡಿ 1836ರಲ್ಲಿ ಯುರೋಪಿಗೆ ಶುರುವಾಯಿತು. ಜರ್ಮನಿಯ ಬೇಡೆಕರ್ ಅದೇ ಜಾಡು ಹಿಡಿದು, ನೋಡಲೇಬೇಕಾದ ಕಡೆ ನಕ್ಷತ್ರ ಗುರುತು ಹಾಕುವ ಪದ್ಧತಿಯನ್ನು ಮನೆಮಾತು ಮಾಡಿದ. ಗುರುತು ಇದ್ದಲ್ಲಿ ಇಳಿ, ಇಲ್ಲದಲ್ಲಿ ಮುಂದೆ ನಡೆ. 1859ರಲ್ಲಿ ಮರ್ರೆ ಮಳಿಗೆಯ ಕೈಪಿಡಿ ಮದ್ರಾಸಿಗೂ ಬೊಂಬಾಯಿಗೂ ಬಂತು. ಗೊತ್ತಿಲ್ಲದ ದೇಶದಲ್ಲಿ ಯಾರ ಹಂಗೂ ಇಲ್ಲದೆ ತಿರುಗಬಹುದೆಂಬ ಧೈರ್ಯವನ್ನು ಈ ಪುಸ್ತಕಗಳು ಕೊಟ್ಟವು. ಹಂಗು ತಪ್ಪಿತೇ ಎಂದರೆ, ಪುಸ್ತಕದ ಹಂಗು ಬಂತು.

ಈ ನಾಡಿನಲ್ಲಿ ಅದಕ್ಕೂ ಮೊದಲೇ ಕೈಪಿಡಿ ಇರಲಿಲ್ಲವೇ? ಇತ್ತು. ಪಂಪಾ ಮಾಹಾತ್ಮ್ಯದಂಥ ಸ್ಥಳಪುರಾಣಗಳು ಯಾವ ತೀರ್ಥದಲ್ಲಿ ಮೀಯಬೇಕು, ಮಿಂದರೆ ಏನು ಫಲ ಎಂದು ಹೇಳುತ್ತಿದ್ದವು. ಕೊಟ್ಟೂರಿಗೂ ಮೈಲಾರಕ್ಕೂ ನಡೆದು ಬರುವ ಭಕ್ತರಿಗೆ ಅದೂ ಬೇಕಿಲ್ಲ. ಮುಂದೆ ಹೋಗುವವರ ಹೆಜ್ಜೆಯೇ ನಕ್ಷೆ. ಪುಸ್ತಕ ಬೇಕಾಗುವುದು ಜೊತೆಗಾರರಿಲ್ಲದವನಿಗೆ.

ಹಂಪಿಗೆ ಕಿಸೆಗೆ ಹಿಡಿಯುವ ಪುಸ್ತಕ ಸಿಕ್ಕಿತು. ಅದರ ಹಿಂದೆ ದೊಡ್ಡ ಪಾಯವೇ ಇತ್ತು ಅನ್ನಿ. ಕಾಲಿನ್ ಮೆಕೆಂಜಿ 1799ರಲ್ಲೇ ಅವಶೇಷಗಳ ನಕ್ಷೆ ಮಾಡಿಸಿದ್ದ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಫೋಟೊ ಹಿಡಿದಿದ್ದ. 1900ರಲ್ಲಿ ಸೂಯೆಲ್ ‘ಎ ಫರ್ಗಾಟನ್ ಎಂಪೈರ್’ ಬರೆದು, ಪೋರ್ಚುಗೀಸರಾದ ಪಾಯೆಸ್ ಮತ್ತು ನೂನಿಜ್‌ರ ಬರಹಗಳನ್ನು ಇಂಗ್ಲಿಷಿಗೆ ತಂದ. 1917ರಲ್ಲಿ ಪುರಾತತ್ವ ಇಲಾಖೆಯ ಎ. ಎಚ್. ಲಾಂಗ್‌ಹರ್ಸ್ಟ್‌ನ ‘ಹಂಪಿ ರೂಯಿನ್ಸ್’ ಮದ್ರಾಸ್ ಸರ್ಕಾರಿ ಮುದ್ರಣಾಲಯದಿಂದ ಬಂತು. ಹೊಸಪೇಟೆಯಲ್ಲಿ ರೈಲಿಳಿದು, ಕಮಲಾಪುರಕ್ಕೆ ಗಾಡಿ ಹಿಡಿದು, ಕೈಯಲ್ಲಿ ಇದೊಂದನ್ನು ಹಿಡಿದುಕೊಂಡರೆ ಸಾಕು. ಕಮಲಾಪುರದಲ್ಲಿ ಉಳಿಯಲು ಪ್ರವಾಸಿ ಬಂಗಲೆಯೂ ಇತ್ತು. ಆ ಬಂಗಲೆ ಸ್ವತಃ ಹಳೆಯ ಗುಡಿಯೊಂದನ್ನು ಮಾರ್ಪಡಿಸಿದ್ದು. ಗುಡಿ ನೋಡಲು ಬಂದವರು ಗುಡಿಯಲ್ಲೇ ಹಾಸಿಗೆ ಬಿಚ್ಚುತ್ತಿದ್ದರು.

ಪುಸ್ತಕಗಳಲ್ಲಿ ಒಮ್ಮೆ ಕೂತ ಹೆಸರು ಏಳುವುದಿಲ್ಲ. ರಾಣಿಯ ಸ್ನಾನಗೃಹ, ಕಮಲ ಮಹಲ್, ರಾಣಿವಾಸದ ಆವರಣ: ಈ ಹೆಸರುಗಳಿಗೆ ವಿಜಯನಗರದ ಕಾಲದ ಗಟ್ಟಿ ಆಧಾರ ಕೇಳಿದರೆ ವಿದ್ವಾಂಸರು ತಲೆ ಕೆರೆದುಕೊಳ್ಳುತ್ತಾರೆ. ಪ್ರಸನ್ನ ವಿರೂಪಾಕ್ಷನ ಗುಡಿ ಮಣ್ಣಿನಲ್ಲಿ ಹೂತಿತ್ತೆಂಬ ಒಂದೇ ಕಾರಣಕ್ಕೆ ‘ನೆಲದಡಿಯ ದೇವಾಲಯ’ವಾಯಿತು. ಪುಸ್ತಕದಿಂದ ಪುಸ್ತಕಕ್ಕೆ, ಅಲ್ಲಿಂದ ಗೈಡುಗಳ ಬಾಯಿಗೆ, ಕೊನೆಗೆ ಇಲಾಖೆಯ ಫಲಕಕ್ಕೆ ಹೆಸರು ಹತ್ತಿತು. ಅದನ್ನು ಇಳಿಸುವುದು ಈಗ ಯಾರಿಂದಲೂ ಆಗದ ಕೆಲಸ.

ಕನ್ನಡದಲ್ಲಿ ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ ಬಂತು. ಅದು ದಾರಿ ತೋರಿಸುವುದಕ್ಕಿಂತ ಮನಸ್ಸನ್ನು ಕರೆದೊಯ್ಯುವ ಪುಸ್ತಕ. 1970ರಲ್ಲಿ ಡಿ. ದೇವಕುಂಜರಿಯವರ ತೆಳ್ಳನೆಯ ‘ಹಂಪಿ’ಯನ್ನು ಪುರಾತತ್ವ ಸರ್ವೇಕ್ಷಣೆಯೇ ಪ್ರಕಟಿಸಿತು. 1981ರಲ್ಲಿ ಲೋನ್ಲಿ ಪ್ಲಾನೆಟ್‌ನ ಭಾರತದ ಸಂಪುಟ ಬಂದಮೇಲೆ ಆಟವೇ ಬದಲಾಯಿತು. ಬೆನ್ನಿಗೆ ಚೀಲ ಹಾಕಿಕೊಂಡ ಯುರೋಪಿನ, ಇಸ್ರೇಲಿನ ಹುಡುಗ ಹುಡುಗಿಯರು ಹೊಸಪೇಟೆಯ ಬಸ್ ನಿಲ್ದಾಣದಲ್ಲಿ ಪುಸ್ತಕ ತೆರೆದು ನಿಲ್ಲುವುದು ನಿತ್ಯದ ನೋಟವಾಯಿತು. ಹಂಪಿ ಬಜಾರಿನ ಮನೆಗಳ ಮೇಲೆ ಬಾಡಿಗೆ ಕೋಣೆ ಎದ್ದವು, ಹೊಳೆಯಾಚೆ ವಿರೂಪಾಪುರ ಗಡ್ಡೆಯಲ್ಲಿ ಗುಡಿಸಲು ಎದ್ದವು, ಹರಿಗೋಲು ಹಾಕುವವರಿಗೆ ಹೊಸ ಗಿರಾಕಿ ಸಿಕ್ಕರು. 1986ರಲ್ಲಿ ಯುನೆಸ್ಕೊ ಪಟ್ಟಿಗೆ ಹಂಪಿ ಸೇರಿತು.

ಆದರೆ ಅಚ್ಚಾದ ಪುಸ್ತಕಕ್ಕೆ ಒಂದು ಶಾಪ ಉಂಟು: ಊರು ಬದಲಾದರೂ ಅದು ಬದಲಾಗುವುದಿಲ್ಲ. 2011ರಲ್ಲಿ ಹಂಪಿ ಬಜಾರಿನ ಮನೆ, ಅಂಗಡಿಗಳು ನೆಲಸಮವಾದವು. ಗಡ್ಡೆಯ ರೆಸಾರ್ಟುಗಳನ್ನು ಕೆಡವಲು 2020ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ಹಳೆಯ ಕೈಪಿಡಿ ಹಿಡಿದು ಬಂದವನು ಇಲ್ಲದ ಹೋಟೆಲನ್ನು ಹುಡುಕಬೇಕಾಯಿತು. ಹರಪನಹಳ್ಳಿಯ ವಿಳಾಸವಂತೂ ಕೇಳುವುದೇ ಬೇಡ. 1953ರ ತನಕ ಮದ್ರಾಸಿನ ಬಳ್ಳಾರಿ, ಆಮೇಲೆ ಮೈಸೂರಿನ ಬಳ್ಳಾರಿ, 1997ರಲ್ಲಿ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ. ಕೂತಲ್ಲೇ ಕೂತು ಇಷ್ಟು ಊರು ಸುತ್ತಿದ ತಾಲ್ಲೂಕು ಇನ್ನೊಂದು ಇದ್ದೀತೇ!

ಗುಡಿಗಳು ಮಾತ್ರ ಅಲುಗಿಲ್ಲ. ಹರಪನಹಳ್ಳಿಯಿಂದ ಕೆಲವೇ ಕಿಲೋಮೀಟರು ದೂರದ ಬಾಗಳಿಯ ಕಲ್ಲೇಶ್ವರ ಗುಡಿ ರಾಷ್ಟ್ರಕೂಟರ ಕೊನೆಗಾಲದಲ್ಲಿ ಶುರುವಾಗಿ ಚಾಲುಕ್ಯ ತೈಲಪನ ಕಾಲದಲ್ಲಿ ಬೆಳೆಯಿತು. ಊರಿನ ಶಾಸನಗಳು 1939ರಲ್ಲೇ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ನ ಒಂಬತ್ತನೆಯ ಸಂಪುಟದಲ್ಲಿ ಅಚ್ಚಾದವು. ಒಳಗೆ ಕಾಲಿಟ್ಟರೆ ಕಂಬಗಳ ಕಾಡು; ಒಂದರ ಹಾಗೆ ಇನ್ನೊಂದಿಲ್ಲವೇನೋ ಅನ್ನಿಸುತ್ತದೆ. ನುಣ್ಣನೆಯ ಕಲ್ಲಿನ ಮೇಲೆ ಬೆರಳಾಡಿಸಿದರೆ ಚರಕಿಯಲ್ಲಿ ಕಡೆದ ಸುತ್ತುಗಳು ತಾಗುತ್ತವೆ. ಕೊಟ್ಟೂರಿನ ಬಳಿಯ ಅಂಬಳಿಯಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದ ಇನ್ನೊಂದು ಕಲ್ಲೇಶ್ವರ. ತುಂಗಭದ್ರೆಯ ದಂಡೆಯ ಕುರುವತ್ತಿಯಲ್ಲಿ ಮಲ್ಲಿಕಾರ್ಜುನನ ಗುಡಿ. ಕಂಬದ ತಲೆಯಿಂದ ಹೊರಬಾಗಿದ ಮದನಿಕೆಯರನ್ನು ಕತ್ತೆತ್ತಿ ನೋಡಬೇಕು. ವಾಸಿಯಾಗದ ಜ್ವರ ಹಿಡಿದ ಚಾಲುಕ್ಯ ದೊರೆ ಆಹವಮಲ್ಲ ಸೋಮೇಶ್ವರ 1068ರಲ್ಲಿ ಹೊಳೆಗಿಳಿದು ಪ್ರಾಣ ಬಿಟ್ಟದ್ದು ಇದೇ ಕುರುವತ್ತಿಯಲ್ಲಿ. ಇಂಥ ಕಥೆಯೊಂದು ಇಟಲಿಯ ಊರಿನದಾಗಿದ್ದರೆ ಬೇಡೆಕರ್ ಎರಡು ನಕ್ಷತ್ರ ಹಾಕುತ್ತಿದ್ದನೇನೋ.

ರೀಯ ದಪ್ಪ ಪುಸ್ತಕ ಈಗ ಡಿಜಿಟಲ್ ಆಗಿದೆ. 1896ರಲ್ಲಿ ಕಿಸೆಗೆ ಹಿಡಿಯದಿದ್ದದ್ದು ಮೊಬೈಲಿನಲ್ಲಿ ಹಿಡಿಯುತ್ತದೆ. ಬಾಗಳಿಯ ಬಾಗಿಲವಾಡದ ಮುಂದೆ ನಿಂತು ಅದರ ಗೆರೆಚಿತ್ರವನ್ನು ಹಿಗ್ಗಿಸಿ, ಕಲ್ಲಿನೊಂದಿಗೆ ಪಟ್ಟಿಕೆ ಪಟ್ಟಿಕೆಯಾಗಿ ಹೋಲಿಸಬಹುದು. ಆದರೆ ಅದರಲ್ಲಿ ಬಸ್ಸಿನ ವೇಳೆ ಇಲ್ಲ. ಅದಕ್ಕೆ ಹರಪನಹಳ್ಳಿ ನಿಲ್ದಾಣದ ಚಹಾ ಅಂಗಡಿಯ ಮುಂದೆ ನಿಂತು, “ಅಣ್ಣಾರ, ಬಾಗಳಿ ಬಸ್ಸು ಎಷ್ಟೊತ್ತಿಗೈತ್ರಿ?” ಎಂದು ಕೇಳಬೇಕು.